ಇಲ್ಲದ ಟಾಕೀಸಿನ ಪಕ್ಕ ಇಳ್ಕೊಳ್ಳಿ

ಬೆಂಗಳೂರಿನವರು ದಾರಿ ಹೇಳುವಾಗ ಇರುವುದನ್ನು ಬಿಟ್ಟು ಇಲ್ಲದ್ದನ್ನೇ ಗುರುತು ಕೊಡುತ್ತಾರೆ. ‘ಪ್ಲಾಜಾ ಎದುರಿಗೆ ನಿಂತಿರ್ತೀನಿ’ ಅಂತಾರೆ. ಆ ಟಾಕೀಸು ಮೆಟ್ರೊಗೆ ಜಾಗ ಬಿಟ್ಟುಕೊಟ್ಟು ಎಷ್ಟೋ ಕಾಲವಾಯಿತು. ‘ಮಾಗಡಿ ರೋಡ್ ಟೋಲ್‌ಗೇಟ್ ದಾಟಿ ಬನ್ನಿ’ ಅಂತಾರೆ. ಅಲ್ಲಿ ಗೇಟೂ ಇಲ್ಲ, ಸುಂಕ ಕೇಳುವವನೂ ಇಲ್ಲ. ಇಲ್ಲೇ ಹುಟ್ಟಿ ಬೆಳೆದವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಹೊರಗಿನಿಂದ ಬಂದವರ ಪಾಡು ಕೇಳಬೇಕೆಂದರೆ ನಮ್ಮ ಚಿಕ್ಕಪ್ಪನನ್ನು ಕೇಳಬೇಕು.

ಚಿಕ್ಕಪ್ಪ ಸಾಗರದ ಕಡೆಯವರು, ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಪದಕ್ಕೆ ಏನು ಅರ್ಥವೋ ಅದೇ ಅರ್ಥ, ಗುಲಗಂಜಿಯಷ್ಟೂ ಆಚೀಚೆ ಹೋಗುವಂತಿಲ್ಲ. ಇಂಥವರು 2018ರಲ್ಲಿ ಒಂದು ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಫೋನ್ ಮಾಡಿದರು. ‘ಬೋರ್ಡಿನಲ್ಲಿ ಕೆಂಪೇಗೌಡ ಅಂತಿದೆ. ಎದುರಿಗಿನ ರೈಲ್ವೆ ಸ್ಟೇಷನ್ನಿನಲ್ಲಿ ಸಂಗೊಳ್ಳಿ ರಾಯಣ್ಣ ಅಂತಿದೆ. ಮೆಜೆಸ್ಟಿಕ್ ಅಂತ ಕರೆಯೋ ಹಾಗಿರೋದು ಸುತ್ತಮುತ್ತ ಏನೂ ಕಾಣ್ತಿಲ್ಲವಲ್ಲೋ!’

ಅದು ಒಂದು ಟಾಕೀಸಿನ ಹೆಸರು, ಟಾಕೀಸು ಈಗಿಲ್ಲ, ಹೆಸರು ಮಾತ್ರ ಉಳಿದಿದೆ ಎಂದೆ. ಅಷ್ಟಕ್ಕೆ ಸುಮ್ಮನಿರದೆ, ನೀವು ನಿಂತಿರುವ ಬಸ್ ನಿಲ್ದಾಣ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಾಗಿತ್ತು ಎಂದೂ ಸೇರಿಸಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಅಂದರೆ ನಾನೀಗ ಇಲ್ಲದ ಕೆರೆಯೊಳಗೆ, ಇಲ್ಲದ ಟಾಕೀಸಿನ ಹೆಸರು ಹೇಳ್ಕೊಂಡು ನಿಂತಿದೀನಿ. ಮನೆ ಕಡೆಗೆ ಬಸ್ಸಾದರೂ ಇದೆಯೇನಪ್ಪಾ?’ ಎಂದರು.

ಬಸ್ಸಿತ್ತು. ಆದರೆ ಅದರಲ್ಲಿ ಕಂಡಕ್ಟರ್ ಇದ್ದ. ನಮ್ಮ ಸ್ಟಾಪ್ ಬಂದಾಗ ಆತ ಪದ್ಧತಿಯಂತೆ ‘ಹೋಲ್ಡಾನ್! ಹೋಲ್ಡಾನ್!’ ಎಂದು ಕೂಗಿದ್ದಾನೆ. ಬೆಂಗಳೂರಿನ ಬಸ್ಸಿನಲ್ಲಿ ಅದು ಡ್ರೈವರಿಗೆ ‘ನಿಲ್ಲಿಸು’ ಎಂಬ ಅಪ್ಪಣೆ. ಮೇಷ್ಟ್ರಿಗೆ ಅದು ‘ಗಟ್ಟಿಯಾಗಿ ಹಿಡಿದುಕೊಳ್ಳಿ’ ಎಂಬ ಎಚ್ಚರಿಕೆ. ಎರಡೂ ಕೈಯಲ್ಲಿ ಕಂಬ ತಬ್ಬಿಕೊಂಡು ನಿಂತರಂತೆ. ಇಳಿಯುವವರೆಲ್ಲ ಅವರನ್ನು ಬಳಸಿಕೊಂಡು ಇಳಿದರು, ಕಂಡಕ್ಟರ್ ‘ರೈಟ್’ ಅಂದ, ಚಿಕ್ಕಪ್ಪ ಬಲಗಡೆ ನೋಡಿದರು. ಮುಂದಿನ ಸ್ಟಾಪಿನಿಂದ ಬ್ಯಾಗು ಹೊತ್ತು ನಡೆದು ಬಂದರು.

ಮಧ್ಯಾಹ್ನ ಅವರೆಕಾಳು ಸಾರು. ನನ್ನ ಮಗ, ‘ಅಜ್ಜಿಯೊಬ್ಬಳು ರಾಜನಿಗೆ ಬೆಂದ ಕಾಳು ಕೊಟ್ಟಳಂತೆ, ಅದಕ್ಕೇ ಬೆಂದಕಾಳೂರು’ ಎಂದು ಪಾಠ ಒಪ್ಪಿಸಿದ. ಮೇಷ್ಟ್ರು ತುತ್ತು ಕೆಳಗಿಟ್ಟರು. ಕಥೆಯ ರಾಜ ಹೊಯ್ಸಳ ವೀರಬಲ್ಲಾಳ, 1200ರ ಆಸುಪಾಸಿನವನು. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ಗಂಗರ ಕಾಲದ ವೀರಗಲ್ಲಿನಲ್ಲಿ ಬೆಂಗಳೂರಿನ ಹೆಸರು ಆಗಲೇ ಇದೆ. ಅದು ಸುಮಾರು 890ರದ್ದು. ಅಜ್ಜಿ ಒಲೆ ಹಚ್ಚುವುದಕ್ಕೆ ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು ಎಂದಾಯಿತು. ಆ ಕಲ್ಲು ಹೇಳುವುದು ಕಾಳಿನ ಸುದ್ದಿಯನ್ನಲ್ಲ, ಬೆಂಗಳೂರಿನ ಕಾಳಗದ ಸುದ್ದಿಯನ್ನು. ಸಂಜೆ ಆರರ ಸಿಗ್ನಲ್ಲಿನಲ್ಲಿ ಒಂದು ಸಲ ನಿಂತವರು ಯಾವುದನ್ನು ನಂಬುತ್ತಾರೆಂದು ಬೇರೆ ಹೇಳಬೇಕಾಗಿಲ್ಲ. ಮಗ ಮಾತ್ರ, ಪರೀಕ್ಷೆಯಲ್ಲಿ ಕಾಳಿಗೇ ಮಾರ್ಕ್ಸು ಎಂದು ಬಡಿಸಿಕೊಂಡ.

ಈ ಊರಿಗೆ ಬಿರುದುಗಳಿಗೇನು ಕಡಿಮೆ? ಉದ್ಯಾನ ನಗರಿ ಅಂದರು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಮೇಲೆ ಸಿಲಿಕಾನ್ ವ್ಯಾಲಿ ಅಂದರು. ಅದಕ್ಕೂ ಮುಂಚೆ, ತಣ್ಣನೆ ಹವೆಗೆ ಆಸೆಪಟ್ಟು ನಿವೃತ್ತ ಅಧಿಕಾರಿಗಳು ಬಂಗಲೆ ಕಟ್ಟಿಕೊಂಡು ನೆಲೆಸುತ್ತಿದ್ದ ಕಾಲದಲ್ಲಿ, ಪಿಂಚಣಿದಾರರ ಸ್ವರ್ಗ ಎನ್ನುತ್ತಿದ್ದರು. ಪಿಂಚಣಿದಾರರಾದ ಚಿಕ್ಕಪ್ಪ ಹೊಸೂರು ರಸ್ತೆ ದಾಟಲು ನೋಡಿ, ಅರ್ಧದಿಂದ ಹಿಂದೆ ಓಡಿಬಂದು, ‘ಈಗ ಅರ್ಥವಾಯ್ತು, ಇಲ್ಲಿಂದ ಸ್ವರ್ಗ ಹತ್ತಿರ’ ಎಂದರು. 2017ರ ಡಿಸೆಂಬರಿನಲ್ಲಿ ಬೆಂಗಳೂರಿಗೊಂದು ಲಾಂಛನವೂ ಬಂತು. ಹೆಸರಿನ ಆರಂಭ ಮತ್ತು ಕೊನೆಗೆ ಕೆಂಪು ಬಳಿದು ‘ಬಿ ಯು’ ಎಂದು ಓದಿಸುವ ಜಾಣತನ. ಚಿಕ್ಕಪ್ಪ ಅದನ್ನು ಬಹಳ ಹೊತ್ತು ನೋಡಿದರು. ‘ಯು ಅಂತ ಒಂದೇ ಅಕ್ಷರ ಬರೆದ ಹುಡುಗರಿಗೆ ನಾನು ಬೆತ್ತ ತೋರಿಸ್ತಿದ್ದೆ’ ಎಂದಷ್ಟೇ ಅಂದರು.

ಬರೆದ ಘೋಷಣೆಗಳಲ್ಲಿ ಅವರಿಗೆ ಹಿಡಿಸಿದ್ದು ಒಂದೇ, ವಿಧಾನಸೌಧದ ಹಣೆಯ ಮೇಲಿನ ‘ಸರ್ಕಾರದ ಕೆಲಸ ದೇವರ ಕೆಲಸ’. ತಮ್ಮ ವೈದ್ಯಕೀಯ ಬಿಲ್ಲಿನ ಕಡತ ಒಂದು ಕಚೇರಿಯಲ್ಲಿ ಮಲಗಿದ್ದಕ್ಕೆ ಅವರಿಗೆ ಅಲ್ಲಿ ಸಮಾಧಾನ ಸಿಕ್ಕಿತು: ದೇವರಿಗೆ ಒಂದು ದಿನ ಅಂದರೆ ನಮಗೆ ಎಷ್ಟೋ ಯುಗ. ಆ ಸೌಧ ಕಟ್ಟಿಸಿ ಆ ಮಾತು ಬರೆಸಿದ ಕೆಂಗಲ್ ಹನುಮಂತಯ್ಯನವರ ಹೆಸರಿನ ರಸ್ತೆ ನೋಡಬೇಕೆಂದರು. ಆಟೋದವರು ಯಾರೂ ಕೇಳಿಯೇ ಇಲ್ಲ. ಕೆ.ಎಚ್. ರೋಡ್ ಎಂದರೆ ಒಬ್ಬಿಬ್ಬರು ತಲೆ ಕೆರೆದುಕೊಂಡರು. ಡಬಲ್ ರೋಡ್ ಎಂದೆ ನೋಡಿ, ‘ಮೊದಲೇ ಹೇಳೋದಲ್ವಾ ಸಾರ್!’ ಸರ್ಕಾರ ಇಟ್ಟ ಹೆಸರನ್ನು ಈ ಊರು ಬೋರ್ಡಿಗೆ ಬಿಟ್ಟುಕೊಡುತ್ತದೆ, ಬಾಯಿಗೆ ಬಿಟ್ಟುಕೊಳ್ಳುವುದಿಲ್ಲ.

ಹೋಟೆಲಿನಲ್ಲಿ ನಾನು ‘ಬೈಟು ಕಾಫಿ’ ಎಂದಾಗ ಚಿಕ್ಕಪ್ಪನ ಮುಖ ಬಾಡಿತು. ಒಂದು ಕಾಫಿಯನ್ನು ಎರಡು ಲೋಟಕ್ಕೆ ಬಗ್ಗಿಸುವುದು ನಮಗೆ ಸ್ನೇಹ. ಚೊಂಬು ತುಂಬ ಕಾಫಿ ಕೊಡುವ ಮಲೆನಾಡಿನವರಿಗೆ ಅದು ಬರಗಾಲದ ಲಕ್ಷಣ. ‘ಕಷ್ಟದಲ್ಲಿದ್ದೀಯೇನೋ? ಹೇಳ್ಕೊಳ್ಳೋಕೆ ಸಂಕೋಚ ಬೇಡ’ ಎಂದು ಮೆಲ್ಲಗೆ ಜೇಬಿಗೆ ಕೈ ಹಾಕಿದರು. ಬಿಲ್ಲನ್ನು ಅವರಿಗೇ ಬಿಟ್ಟೆ.

ಊರಿಗೆ ಹೊರಡುವ ಹಿಂದಿನ ದಿನ ಅವರು ಒಬ್ಬರೇ ಹೋಗಿಬಂದದ್ದು ಮೈಸೂರ್ ಬ್ಯಾಂಕ್ ಸರ್ಕಲ್ಲಿಗೆ. 1913ರಲ್ಲಿ ಶುರುವಾದ ಆ ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಗಿತ್ತು. ಚಿಕ್ಕಪ್ಪನ ಪಿಂಚಣಿ ಬರುತ್ತಿದ್ದ ಶಾಖೆಯ ಬೋರ್ಡು ಬದಲಾದದ್ದು ಅವರಿಗೆ ಮನೆಯಲ್ಲಿ ಯಾರೋ ತೀರಿಕೊಂಡಷ್ಟು ದುಃಖ. ಸರ್ಕಲ್ಲಿನಲ್ಲಿ ಒಂದು ಪ್ರತಿಭಟನೆ ನಡೆಯುತ್ತಿತ್ತಂತೆ. ಬ್ಯಾಂಕು ಮುಳುಗಿಸಿದ್ದಕ್ಕೆ ಜನ ಇನ್ನೂ ಹೋರಾಡುತ್ತಿದ್ದಾರೆಂದು ಕಣ್ತುಂಬಿ ಬಂದು ಅವರೂ ಧಿಕ್ಕಾರ ಕೂಗಿ ಬಂದರು. ಅದು ಯಾವುದರ ವಿರುದ್ಧ ಅಂತ ಕೇಳಬೇಕಲ್ಲವೇ ಎಂದರೆ, ‘ಜಾಗದ ಹೆಸರೇ ಹೇಳುತ್ತಲ್ಲೋ’ ಎಂದರು.

ಬರುವಾಗ ಆಟೋ. ‘ಮೀಟರ್ ಮೇಲೆ ಮೂವತ್ತು ಕೊಡಿ’ ಎಂದನಂತೆ. ಎಷ್ಟು ಅಗ್ಗ ಎಂದು ಖುಷಿಯಿಂದ ಹತ್ತಿದ ಚಿಕ್ಕಪ್ಪ, ಮನೆ ಮುಂದೆ ಇಳಿದು ಮೂರು ಹತ್ತರ ನೋಟನ್ನು ಮೀಟರಿನ ಮೇಲೆ ಇಟ್ಟು, ಹಾರಿಹೋಗದಂತೆ ಒಮ್ಮೆ ಒತ್ತಿ, ಗೇಟು ತೆಗೆದು ಒಳಗೆ ಬಂದರು. ಆಟೋದವನು ಮೊದಲು ಮೀಟರ್ ನೋಡಿದ, ಆಮೇಲೆ ನನ್ನನ್ನು ನೋಡಿದ.