ಏಳನೇ ನಂಬರಿಗೆ ಸಿಕ್ಕಿದ ಹುಡುಗ

ಹೋದ ಶನಿವಾರ ಇಲ್ಲೇ ಫಿಲಡೆಲ್ಫಿಯಾದ ಕನ್ನಡದ ಗೆಳೆಯರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಕೈ ತೊಳೆದು ಬಂದು ಕೂತ ಮೇಲೆ ಅವರು ಕೇಳಿದರು, "ಏನ್ರೀ, ನಿಮ್ಮ ರಷ್ಯನ್ ಹುಡುಗನ ಕಥೆ ಮುಗೀತಂತಲ್ಲ? ಕಾಲಲ್ಲಿ ಸ್ಪೀಡೇ ಇಲ್ಲ, ಮೈ ಬೇರೆ ಬಗ್ಗಲ್ಲ ಅಂತಾರೆ." ಎಲ್ಲರೂ ಇದ್ದರು, ವಾದಕ್ಕೆ ಇಳಿಯಲಿಲ್ಲ. ಆದರೆ ರಾತ್ರಿ ಕಾರು ಓಡಿಸಿಕೊಂಡು ಬರುವಾಗ ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಅವರಿಗೂ ಅವರಂತೆ ಯೋಚಿಸುವ ಎಲ್ಲರಿಗೂ ಉತ್ತರ ಅಂತ ಇದನ್ನು ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತು ಮಾಡಿಕೊಂಡು ಓದಿ.

ಹುಡುಗನ ಹೆಸರು ಮಾಟ್ವೇ ಮಿಚ್ಕೊವ್. ಹುಟ್ಟಿದ್ದು 2004ರ ಡಿಸೆಂಬರ್ 9ರಂದು, ಉರಾಲ್ ಪರ್ವತದ ಮಗ್ಗುಲಿನ ಪೆರ್ಮ್ ಊರಿನಲ್ಲಿ. ನಮ್ಮ ಫಿಲಡೆಲ್ಫಿಯಾ ಫ್ಲೈಯರ್ಸ್ ಐಸ್ ಹಾಕಿ ತಂಡದಲ್ಲಿ 39ನೇ ನಂಬರ್ ಅಂಗಿ. ಎತ್ತರ ಐದಡಿ ಹತ್ತಿಂಚು, ಈ ಆಟದ ಮಟ್ಟಿಗೆ ಅದು ಕುಳ್ಳೇ. ಎಡಗೈ ಆಟಗಾರ, ಆದರೆ ಬಲ ವಿಂಗಿನಲ್ಲಿ ಆಡುತ್ತಾನೆ. ಹಾಗಾಗಿ ಬಲಗಡೆಯಿಂದ ಒಳಕ್ಕೆ ಬಂದಾಗ ಅವನ ಸ್ಟಿಕ್ಕಿನ ತುದಿ ರಿಂಕಿನ ನಡುವಿಗೆ ಮುಖ ಮಾಡಿರುತ್ತದೆ, ಇಡೀ ಗೋಲು ಅವನ ಕಣ್ಣೆದುರು ತೆರೆದಿರುತ್ತದೆ.

ಮೊದಲು ಗೆಳೆಯರ ಆಕ್ಷೇಪಕ್ಕೆ ಬರುತ್ತೇನೆ. ಕಾಲಲ್ಲಿ ಸ್ಪೀಡ್ ಇಲ್ಲ ಅನ್ನುವುದು ಸುಳ್ಳಲ್ಲ. ನಿಂತಲ್ಲಿಂದ ಚಿಮ್ಮುವ ಮೊದಲ ಮೂರು ಹೆಜ್ಜೆ ಅವನದ್ದು ಸಾಧಾರಣ. ಖಾಲಿ ಐಸ್ ಸಿಕ್ಕರೂ ಕಾನರ್ ಮೆಕ್‌ಡೇವಿಡ್ ಥರ ಎದುರಾಳಿಯನ್ನು ಹಿಂದೆ ಹಾಕಿ ಹೋಗಿಬಿಡುವ ಹುಡುಗ ಅಲ್ಲ. ತನ್ನ ಗೋಲಿನ ಕಡೆ ಹಿಂದಿರುಗಿ ಬರುವಾಗ ಕೆಲವು ಸಲ ಸೋಮಾರಿ ಅನ್ನಿಸುತ್ತಾನೆ, ಅದು ನನಗೂ ಸಿಟ್ಟು ತರಿಸುತ್ತದೆ. ಎರಡನೇ ಸೀಸನ್ನಿಗೆ ಬರುವಾಗ ಪಾದದ ಕೀಲಿಗೆ ಪೆಟ್ಟಾಗಿ ಬೇಸಿಗೆಯ ತಯಾರಿಯೇ ಕೆಟ್ಟಿತ್ತು. ಹೊಸ ಕೋಚ್ ರಿಕ್ ಟಾಕೆಟ್ ಅದನ್ನು ಮುಚ್ಚಿಡಲಿಲ್ಲ, ಅವನ ದೈಹಿಕ ತಯಾರಿ ಸಾಲದು ಅಂತ ಬಹಿರಂಗವಾಗಿಯೇ ಹೇಳಿದರು. ಶುರುವಿನ ವಾರಗಳಲ್ಲಿ ಅವನನ್ನು ನೋಡುವುದೇ ಕಷ್ಟವಾಗಿತ್ತು. ಇಷ್ಟನ್ನೂ ಒಪ್ಪುತ್ತೇನೆ.

ಒಪ್ಪಿದ ಮೇಲೂ ಹೇಳುತ್ತೇನೆ, ಇವನನ್ನು ಸ್ಟಾಪ್‌ವಾಚ್ ಹಿಡಿದು ಅಳೆಯುವುದು ತಪ್ಪು.

ಹಿರಿಯರು ಜಿ.ಆರ್. ವಿಶ್ವನಾಥ್ ಆಟ ನೋಡಿರುತ್ತೀರಿ. ಭದ್ರಾವತಿಯ ಆ ಪುಟ್ಟ ಮನುಷ್ಯ ಚೆಂಡು ತನ್ನನ್ನು ದಾಟಿ ಹೋಯಿತೇನೋ ಅನ್ನುವಾಗ ಮಣಿಕಟ್ಟು ತಿರುಗಿಸಿ ಕಟ್ ಮಾಡುತ್ತಿದ್ದರು. ಎಲ್ಲರಿಗೂ ಬರುತ್ತಿದ್ದದ್ದು ಅದೇ ಚೆಂಡು, ಅದೇ ವೇಗ. ಆದರೆ ಅವರಿಗೆ ಮಾತ್ರ ಅರೆಗಳಿಗೆ ಹೆಚ್ಚು ಸಿಗುತ್ತಿತ್ತು. ಮಿಚ್ಕೊವ್‌ನಲ್ಲಿ ನಾನು ಕಂಡಿದ್ದು ಅದನ್ನೇ. ಹತ್ತು ಜನ ಆಟಗಾರರು ಗಂಟೆಗೆ ಮೂವತ್ತು ಕಿಲೋಮೀಟರ್ ಮೀರಿದ ವೇಗದಲ್ಲಿ ನುಗ್ಗುತ್ತಿರುವ ಜಾಗದಲ್ಲಿ ಇವನೊಬ್ಬ ನಿಲ್ಲುತ್ತಾನೆ. ನಿಜವಾಗಿ ನಿಲ್ಲುತ್ತಾನೆ. ಎದುರಿನ ಡಿಫೆನ್ಸ್‌ಮನ್ ಇವನೂ ನುಗ್ಗುತ್ತಾನೆ ಅಂತ ಲೆಕ್ಕ ಹಾಕಿ ಜಾರಿ ಮುಂದಕ್ಕೆ ಹೋಗಿರುತ್ತಾನೆ, ಗೋಲಿ, ಅಂದರೆ ಗೋಲ್ ಕಾಯುವವನು, ಒಂದು ಮೂಲೆಗೆ ವಾಲಿರುತ್ತಾನೆ, ಆಗ ಇವನು ಪಕ್, ಅಂದರೆ ಚೆಂಡಿನ ಬದಲಿನ ಆ ರಬ್ಬರ್ ಬಿಲ್ಲೆ, ಬಿಡುತ್ತಾನೆ.

ಟಿವಿಯಲ್ಲಿ ಇದರ ಅರ್ಧವೂ ಕಾಣುವುದಿಲ್ಲ, ಯಾಕಂದರೆ ಕ್ಯಾಮೆರಾ ಪಕ್ಕಿನ ಹಿಂದೆ ಓಡುತ್ತದೆ. ಒಂದು ಸಲ ನಾನೂ ಮಗಳೂ ಮೇಲಿನ ಸಾಲಿನ ಅಗ್ಗದ ಟಿಕೆಟ್ ತಗೊಂಡು ಹೋಗಿದ್ದೆವು. ಆವತ್ತು ಒಂದು ಇಡೀ ಪೀರಿಯಡ್, ಅಂದರೆ 20 ನಿಮಿಷ, ಪಕ್ ಎಲ್ಲೇ ಇರಲಿ ಇವನೊಬ್ಬನನ್ನೇ ನೋಡುವುದು ಅಂತ ಇಬ್ಬರೂ ತೀರ್ಮಾನ ಮಾಡಿದೆವು. ಪಕ್ ತನ್ನ ಹತ್ತಿರ ಬರುವ ಮುಂಚೆ ಅವನು ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಾನೆ. ಆಮೇಲೆ ಇನ್ನೊಂದು ಕಡೆಗೆ. ಮತ್ತೊಮ್ಮೆ ಹಿಂದಕ್ಕೆ. ರಸ್ತೆ ದಾಟುವ ಮುಂಚೆ ಅಜ್ಜಿ ಆಚೀಚೆ ನೋಡುತ್ತಾರಲ್ಲ, ಹಾಗೆ. ಪಕ್ ಸ್ಟಿಕ್ಕಿಗೆ ತಾಗುವಷ್ಟರಲ್ಲಿ ಅದನ್ನು ಯಾರಿಗೆ ಕೊಡಬೇಕು ಅನ್ನುವುದು ಅವನಿಗೆ ಇತ್ಯರ್ಥವಾಗಿರುತ್ತದೆ. ಮಗಳು ಎಣಿಸುತ್ತಾ ಕೂತಿದ್ದಳು. ಉಳಿದವರು ಪಕ್ ಬಂದ ಮೇಲೆ ತಲೆ ಎತ್ತುತ್ತಾರೆ, ಇವನು ಬರುವ ಮೊದಲೇ ಎತ್ತಿರುತ್ತಾನೆ ಅಂತ ಅವಳೇ ಹೇಳಿದಳು. ಹನ್ನೊಂದು ವರ್ಷದ ಹುಡುಗಿಗೆ ಕಂಡಿದ್ದು ಇದು.

ಇನ್ನು ಕೈ. ನಮ್ಮ ಊರಿನ ಹಾಕಿಯಲ್ಲಿ ಸ್ಟಿಕ್ಕಿನ ಚಪ್ಪಟೆ ಬದಿಯಿಂದ ಮಾತ್ರ ಆಡಬೇಕು. ಐಸ್ ಹಾಕಿಯಲ್ಲಿ ಎರಡೂ ಬದಿ ನಡೆಯುತ್ತದೆ, ಆದರೆ ಬ್ಲೇಡು ಒಂದು ಕಡೆಗೆ ಬಾಗಿರುವುದರಿಂದ ಹಿಂಬದಿಯ ಹೊಡೆತ, ಅಂದರೆ ಬ್ಯಾಕ್‌ಹ್ಯಾಂಡ್, ಬಹಳ ಜನರಿಗೆ ಪಳಗುವುದಿಲ್ಲ. ಮಿಚ್ಕೊವ್‌ಗೆ ಅದು ಪಳಗಿದೆ. ಮುಂಬದಿಯಿಂದ ಹಿಂಬದಿಗೆ ಪಕ್ ಜಾರಿಸಿ, ಗೋಲಿ ಕಾಲು ಚಾಚುವಷ್ಟರಲ್ಲಿ ಬಲೆಯ ಸೂರಿಗೆ ಏರಿಸಿಬಿಡುತ್ತಾನೆ. ಗೋಲಿನ ಬಾಯಿಯಲ್ಲಿ, ಒಂದು ಚಾಪೆಯಷ್ಟು ಜಾಗದಲ್ಲಿ ಇದನ್ನೆಲ್ಲ ಮಾಡುವುದಕ್ಕೆ ತರಬೇತಿ ಒಂದೇ ಸಾಲದು.

ಈ ಹುಡುಗನನ್ನು ಜಗತ್ತು ಮೊದಲು ಗಮನವಿಟ್ಟು ನೋಡಿದ್ದು 2021ರ ವಸಂತದಲ್ಲಿ, ಟೆಕ್ಸಾಸ್‌ನಲ್ಲಿ ನಡೆದ 18ರೊಳಗಿನವರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ. ಆಗ ಅವನಿಗೆ 16. ಏಳು ಪಂದ್ಯ, 12 ಗೋಲು, 16 ಪಾಯಿಂಟ್. ಗೋಲಿಗೂ ಅಸಿಸ್ಟಿಗೂ (ಗೋಲಿಗೆ ದಾರಿ ಮಾಡಿಕೊಟ್ಟ ಪಾಸ್) ತಲಾ ಒಂದೊಂದು ಪಾಯಿಂಟ್, ಇದು ಇಲ್ಲಿನ ಲೆಕ್ಕ. ಅದೇ ಟೂರ್ನಿಯಲ್ಲಿ ಕೆನಡಾದ ಕಾನರ್ ಬೆಡಾರ್ಡ್ ಕೂಡ ಇದ್ದ, ಚಿನ್ನ ಕೆನಡಾಕ್ಕೇ ಹೋಯಿತು. ಆದರೆ ಅತಿ ಹೆಚ್ಚು ಪಾಯಿಂಟ್ ಗಳಿಸಿದವನು ಮಿಚ್ಕೊವ್, ಅತ್ಯುತ್ತಮ ಆಟಗಾರ ಎನಿಸಿಕೊಂಡವನೂ ಅವನೇ. ಇವರಿಬ್ಬರೂ ಮುಂದಿನ ದಶಕವನ್ನು ಆಳುತ್ತಾರೆ ಅಂತ ಆಗ ಎಲ್ಲರೂ ಬರೆದರು.

ಆಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಆ ವರ್ಷ ಡಿಸೆಂಬರಿನಲ್ಲಿ ಕೆನಡಾದಲ್ಲಿ ಶುರುವಾದ 20ರೊಳಗಿನವರ ವಿಶ್ವ ಟೂರ್ನಿ ಕೋವಿಡ್‌ನಿಂದಾಗಿ ನಡುವಿನಲ್ಲೇ ನಿಂತಿತು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು, ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ ರಷ್ಯಾದ ತಂಡಗಳನ್ನು ಹೊರಗಿಟ್ಟಿತು. ಯುದ್ಧದಲ್ಲಿ ಮನೆಮಠ ಕಳೆದುಕೊಂಡವರ ಮುಂದೆ ಒಬ್ಬ ಹಾಕಿ ಹುಡುಗನ ನಷ್ಟ ದೊಡ್ಡದಲ್ಲ, ಅದು ನನಗೆ ಗೊತ್ತಿದೆ. ಆದರೆ ಅವನ ಬೆಲೆ ಕಟ್ಟುವ ಸ್ಕೌಟ್‌ಗಳಿಗೆ ಅವನನ್ನು ಓರಗೆಯವರ ಎದುರು ನಿಲ್ಲಿಸಿ ನೋಡುವ ಅವಕಾಶವೇ ಹೋಯಿತು, ವಿಡಿಯೋ ನೋಡಿ ಅಂದಾಜು ಮಾಡುವ ಹಾಗಾಯಿತು. ಇತ್ತ ಅವನ ಕ್ಲಬ್, ಸೇಂಟ್ ಪೀಟರ್ಸ್‌ಬರ್ಗಿನ ಎಸ್‌ಕೆಎ, ತಾರೆಗಳಿಂದ ತುಂಬಿ ತುಳುಕುತ್ತಿತ್ತು. ಅಲ್ಲಿ ಜಾಗ ಸಿಗದೆ ಸೋಚಿಗೆ ಸಾಲವಾಗಿ ಹೋದ. ಪಟ್ಟಿಯ ತಳದಲ್ಲಿದ್ದ ತಂಡ ಅದು. ಅಲ್ಲಿ 27 ಪಂದ್ಯಗಳಲ್ಲಿ 20 ಪಾಯಿಂಟ್ ಮಾಡಿದ, ಅದೂ ರಷ್ಯಾದ ದೊಡ್ಡವರ ಲೀಗಿನಲ್ಲಿ, 18ರ ವಯಸ್ಸಿಗೆ. 2023ರ ಏಪ್ರಿಲ್‌ನಲ್ಲಿ ಅವನ ತಂದೆ ತೀರಿಕೊಂಡರು. ಡ್ರಾಫ್ಟಿಗೆ, ಅಂದರೆ ಇಲ್ಲಿನ ಲೀಗಿನ ತಂಡಗಳು ಸರದಿಯ ಮೇಲೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ದಿನಕ್ಕೆ, ಮೂರು ತಿಂಗಳೂ ಇರಲಿಲ್ಲ.

ಜೂನ್ 28, ನ್ಯಾಶ್‌ವಿಲ್. ಬೆಡಾರ್ಡ್ ಮೊದಲನೆಯವನಾಗಿ ಶಿಕಾಗೋಗೆ ಹೋದ, ಅದರಲ್ಲಿ ಯಾರದ್ದೂ ತಕರಾರಿಲ್ಲ. ಎರಡು, ಮೂರು, ನಾಲ್ಕು, ಐದು, ಆರು. ಆರನೆಯವನೂ ರಷ್ಯನ್ನೇ, ಸಿಮಾಶೆವ್ ಅನ್ನುವ ಡಿಫೆನ್ಸ್‌ಮನ್. ಮಿಚ್ಕೊವ್ ಹೆಸರು ಬರಲಿಲ್ಲ. ಎಸ್‌ಕೆಎ ಜೊತೆಗಿನ ಒಪ್ಪಂದ 2026ರ ತನಕ ಇತ್ತು, ಮೂರು ವರ್ಷ ಕಾಯಬೇಕು ಅನ್ನುವ ಭಯ. ಬರುತ್ತಾನೋ ಇಲ್ಲವೋ ಅನ್ನುವ ಭಯ ಬೇರೆ. ಹಿಂದಿನ ವರ್ಷವಷ್ಟೇ ಫ್ಲೈಯರ್ಸ್ ಸೇರಬೇಕಿದ್ದ ಗೋಲಿ ಇವಾನ್ ಫೆಡೊಟೊವ್ ಅವರನ್ನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹಿಡಿದು ಸೈನ್ಯದ ಸೇವೆಗೆ ಉತ್ತರದ ನೌಕಾನೆಲೆಗೆ ಕಳಿಸಿದ್ದರು. ಆ ಪೆಟ್ಟು ತಿಂದಿದ್ದ ಫ್ಲೈಯರ್ಸೇ ಏಳನೇ ಸರದಿಯಲ್ಲಿ ಮಿಚ್ಕೊವ್ ಹೆಸರು ಕೂಗಿತು. ಮ್ಯಾನೇಜರ್ ಡ್ಯಾನಿ ಬ್ರಿಯೇರ್ ಆ ಕುರ್ಚಿಗೆ ಬಂದು ಇನ್ನೂ ಕೆಲವೇ ತಿಂಗಳಾಗಿತ್ತು. ಆ ಧೈರ್ಯಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಈ ಊರಿನ ಚರಿತ್ರೆ ಗೊತ್ತಿದ್ದವರಿಗೆ ಅದು ಇನ್ನೂ ದೊಡ್ಡದಾಗಿ ಕಂಡಿತು. 1976ರ ಜನವರಿ 11ರಂದು ಇದೇ ಫಿಲಡೆಲ್ಫಿಯಾಕ್ಕೆ ಸೋವಿಯತ್ ಸೇನೆಯ ತಂಡ ಸಿಎಸ್‌ಕೆಎ ಬಂದು ಆಡಿತ್ತು. ಫ್ಲೈಯರ್ಸ್ ಆಗ ಎರಡು ವರ್ಷದ ಚಾಂಪಿಯನ್, ಹೊಡೆದಾಟಕ್ಕೆ ಹೆಸರಾದ ತಂಡ. ಫ್ಲೈಯರ್ಸ್‌ನ ವ್ಯಾನ್ ಇಂಪ್ ಕೊಟ್ಟ ಏಟಿಗೆ ಸೋವಿಯತ್ ತಾರೆ ಖಾರ್ಲಮೊವ್ ಐಸ್ ಮೇಲೆ ಬಿದ್ದ, ಸೋವಿಯತ್ ಕೋಚ್ ಇಡೀ ತಂಡವನ್ನು ಒಳಕ್ಕೆ ಕರೆದುಕೊಂಡು ಹೋದ. ಆಮೇಲೆ ಮನವೊಲಿಸಿ ಕರೆತಂದರು, ಫ್ಲೈಯರ್ಸ್ 4-1ರಿಂದ ಗೆದ್ದಿತು. ಈ ಊರಿನ ಹಳಬರು ಅದನ್ನು ಇನ್ನೂ ಹೆಮ್ಮೆಯಿಂದ ಹೇಳುತ್ತಾರೆ. ಅದೇ ಊರಲ್ಲಿ ಈಗ ಶಾಲೆ ಮಕ್ಕಳು ಬೆನ್ನ ಮೇಲೆ ರಷ್ಯನ್ ಹೆಸರು ಬರೆಸಿಕೊಂಡು ಓಡಾಡುತ್ತಾರೆ.

ಕೊನೆಗೆ ಮೂರು ವರ್ಷ ಕಾಯಬೇಕಾಗಿ ಬರಲಿಲ್ಲ. ಸೋಚಿಯಲ್ಲಿ ಇನ್ನೊಂದು ಸೀಸನ್, 47 ಪಂದ್ಯಗಳಲ್ಲಿ 41 ಪಾಯಿಂಟ್. 2024ರ ಬೇಸಿಗೆಯಲ್ಲಿ ಎಸ್‌ಕೆಎ ಅವನನ್ನು ಬಿಟ್ಟುಕೊಟ್ಟಿತು. ಇಲ್ಲಿ ಮೊದಲ ಸೀಸನ್ನಿನಲ್ಲೇ 80 ಪಂದ್ಯ, 26 ಗೋಲು, 37 ಅಸಿಸ್ಟ್, ಒಟ್ಟು 63 ಪಾಯಿಂಟ್. ಆ ವರ್ಷ ಹೊಸಬರಲ್ಲಿ ಇವನಷ್ಟು ಗೋಲು ಇನ್ಯಾರೂ ಹೊಡೆಯಲಿಲ್ಲ. ನವೆಂಬರಿನಲ್ಲಿ ಅಂದಿನ ಕೋಚ್ ಜಾನ್ ಟೋರ್ಟರೆಲ್ಲಾ ಇವನನ್ನು ಎರಡು ಪಂದ್ಯ ಹೊರಗೆ ಕೂರಿಸಿದ್ದರು. ಅದೇ ತಿಂಗಳು ಬೆಡಾರ್ಡ್‌ನ ಶಿಕಾಗೋ ವಿರುದ್ಧ ಓವರ್‌ಟೈಮಿನಲ್ಲಿ ಗೆಲುವಿನ ಗೋಲು ಇವನದ್ದೇ. ಬೈಸಿಕೊಂಡು ಮುದುಡಿ ಕೂರುವ ಜಾಯಮಾನ ಅಲ್ಲ ಅದು.

"ರಷ್ಯನ್ನರನ್ನು ನಂಬೋ ಹಾಗಿಲ್ಲ" ಅನ್ನುವವರಿಗೆ ಒಂದು ಮಾತು. 2012ರಲ್ಲಿ ಎಡ್ಮಂಟನ್ ಮೊದಲನೆಯವನಾಗಿ ಆರಿಸಿದ ನೈಲ್ ಯಾಕುಪೊವ್ 350 ಪಂದ್ಯಗಳಲ್ಲಿ 136 ಪಾಯಿಂಟ್ ಮಾಡಿ ರಷ್ಯಾಕ್ಕೆ ಮರಳಿದ, ನಿಜ. ಅವನ ಹೊಡೆತ ಜೋರಾಗಿತ್ತು, ಆದರೆ ಆಟ ಓದುವುದಕ್ಕೆ ಬರುತ್ತಿರಲಿಲ್ಲ. ಇನ್ನೊಂದು ಕಡೆ ನಿಕಿಟಾ ಕುಚೆರೊವ್ ಅವರನ್ನು ನೋಡಿ. 2011ರಲ್ಲಿ 58ನೆಯವರಾಗಿ ಸಿಕ್ಕಿದವರು. ಲೀಗಿನ ವೇಗದ ಕಾಲುಗಳ ಪಟ್ಟಿಯಲ್ಲಿ ಅವರ ಹೆಸರನ್ನು ಯಾರೂ ಬರೆಯುವುದಿಲ್ಲ. 2023-24ರಲ್ಲಿ 144 ಪಾಯಿಂಟ್ ಮಾಡಿದರು. ಕಿರಿಲ್ ಕಪ್ರಿಜೊವ್ 135ನೆಯವರು. ಮಿನೆಸೋಟ ಐದು ವರ್ಷ ಕಾದು ಕರೆಸಿಕೊಂಡಿತು, ಮೊದಲ ವರ್ಷವೇ ಶ್ರೇಷ್ಠ ಹೊಸಬ ಪ್ರಶಸ್ತಿ, 2025ರಲ್ಲಿ 13.6 ಕೋಟಿ ಡಾಲರಿನ ಒಪ್ಪಂದ. ನನ್ನ ಕಣ್ಣಿಗೆ ಮಿಚ್ಕೊವ್ ಕುಚೆರೊವ್ ಜಾಡಿನವನು. ಅಷ್ಟು ಎತ್ತರ ಮುಟ್ಟುತ್ತಾನೆ ಅಂತ ಹೇಳುತ್ತಿಲ್ಲ, ಆಟದ ಗುಣ ಆ ಜಾತಿಯದ್ದು.

ಹಾಗಾದರೆ ನನ್ನ ಅಂದಾಜು ಏನು? 25 ತುಂಬುವುದರೊಳಗೆ ಒಂದು ಸೀಸನ್ನಿನಲ್ಲಾದರೂ 85-90 ಪಾಯಿಂಟ್ ಮಾಡುತ್ತಾನೆ. ಪವರ್ ಪ್ಲೇಯಲ್ಲಿ, ಅಂದರೆ ಎದುರಾಳಿಯಲ್ಲಿ ಒಬ್ಬ ಕಡಿಮೆಯಿರುವಾಗ, ಬಲಗಡೆಯ ವೃತ್ತದಲ್ಲಿ ನಿಂತು ಆಟ ನಡೆಸುವವರಲ್ಲಿ ಲೀಗಿನ ಮೊದಲ ಸಾಲಿಗೆ ಬರುತ್ತಾನೆ. ರಕ್ಷಣೆಯಲ್ಲಿ ಯಾವತ್ತೂ ಹೆಸರು ಮಾಡುವುದಿಲ್ಲ, ಸಾಧಾರಣ ಮಟ್ಟಕ್ಕೆ ಬಂದರೆ ಸಾಕು. ಅವನಿಂದ ಆಗಬೇಕಾದ್ದು ಸೊಂಟದ ಕೆಳಗಿನ ಕೆಲಸ. ತೊಡೆ ಗಟ್ಟಿಯಾಗಬೇಕು, ಆ ಮೊದಲ ಮೂರು ಹೆಜ್ಜೆ ಚುರುಕಾಗಬೇಕು. 21ರ ಹುಡುಗ, ಎರಡು ಬೇಸಿಗೆ ನೆಟ್ಟಗೆ ದುಡಿದರೆ ಆಗದ ಕೆಲಸ ಅಲ್ಲ. ಕಣ್ಣು ಕೊಡುವುದಕ್ಕೆ ಯಾವ ಕೋಚಿಗೂ ಆಗುವುದಿಲ್ಲ, ಅದು ಅವನ ಹತ್ತಿರ ಇದ್ದೇ ಇದೆ.

ತಂಡ ಮಾಡಬೇಕಾದ್ದೂ ಇದೆ. ಅವನ ಪಕ್ಕಕ್ಕೆ ಒಬ್ಬ ಒಳ್ಳೆ ಸೆಂಟರ್, ಅಂದರೆ ನಡುವಿನಲ್ಲಿ ಆಡುವವನು, ಬೇಕು. ಮೊದಲ ವರ್ಷ ಎಷ್ಟು ಸಲ ನೋಡಿದ್ದೇನೆ, ಇವನು ಕೊಟ್ಟ ಪಾಸ್ ಹೋಗಿ ಮುಟ್ಟುವ ಜಾಗದಲ್ಲಿ ಯಾರೂ ಇರುತ್ತಿರಲಿಲ್ಲ. ಪಾಸ್ ತಪ್ಪಾಯಿತು ಅಂತ ಜನ ಗೊಣಗುತ್ತಿದ್ದರು. ಪಾಸ್ ಸರಿಯಾಗಿಯೇ ಇರುತ್ತಿತ್ತು, ಹೋಗಬೇಕಾದವನು ಹೋಗಿರುತ್ತಿರಲಿಲ್ಲ. ಮೊದಲ ಒಪ್ಪಂದ 2027ಕ್ಕೆ ಮುಗಿಯುತ್ತದೆ. ಒಂದು ಕೆಟ್ಟ ಚಳಿಗಾಲ ನೋಡಿ ಇವನನ್ನು ಮಾರಿಬಿಡಿ ಅನ್ನುವವರ ಮಾತಿಗೆ ಬ್ರಿಯೇರ್ ಕಿವಿಗೊಡಬಾರದು. ಏಳನೇ ಸರದಿಯಲ್ಲಿ ಇಂಥವನು ಇನ್ನೊಮ್ಮೆ ಸಿಗುವುದಿಲ್ಲ.

ಗೆಳೆಯರೇ, ನಿಮಗೆ ನನ್ನದೊಂದು ಕೋರಿಕೆ. ಮುಂದಿನ ತಿಂಗಳು ಮೇಲಿನ ಸಾಲಿನಲ್ಲಿ ಮೂರು ಟಿಕೆಟ್ ತೆಗೆಯುತ್ತಿದ್ದೇನೆ, ನನಗೆ, ಮಗಳಿಗೆ, ನಿಮಗೆ. ಪಕ್ ನೋಡಬೇಡಿ, ಒಂದು ಪೀರಿಯಡ್ 39ನ್ನೇ ನೋಡಿ. ಎಣಿಸುವುದು ಹೇಗೆ ಅಂತ ಮಗಳು ಹೇಳಿಕೊಡುತ್ತಾಳೆ.