ಕೋಲಾರಕ್ಕೊಂದು ಲೈಟ್‌ಹೌಸ್ ಕೊಡಿ

ಪಶ್ಚಿಮ ಘಟ್ಟದಲ್ಲಿ ನೇತ್ರಾವತಿಗೆ ಸೇರುವ ಎತ್ತಿನಹೊಳೆಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಯೋಜನೆ ಇದೆಯಲ್ಲ, ಆ ನೀರು ಕೋಲಾರ ಮುಟ್ಟುವುದಕ್ಕೆ ಇನ್ನೊಂದು ಗಡುವು ಬಂದಿದೆ. ಯಾವ ತಿಂಗಳು, ಯಾವ ವರ್ಷ ಎಂದು ಇಲ್ಲಿ ಬರೆಯುವುದಿಲ್ಲ. ನೀವು ಇದನ್ನು ಓದುವಷ್ಟರಲ್ಲಿ ಅದು ಮುಂದಕ್ಕೆ ಹೋಗಿದ್ದರೆ ತಿದ್ದುಪಡಿ ಹಾಕುವ ಕೆಲಸ ನನ್ನ ತಲೆಗೆ ಬರುತ್ತದೆ.

ನಮ್ಮ ಜಿಲ್ಲೆಯ ಜನ ಇಂಥದ್ದಕ್ಕೆಲ್ಲ ಬೇಜಾರು ಮಾಡಿಕೊಳ್ಳುವವರಲ್ಲ. ನೀರು ನಮ್ಮ ಹತ್ತಿರ ಬರದಿದ್ದರೆ ನಾವೇ ನೀರಿನ ಹತ್ತಿರ ಹೋಗಿ ಬರುತ್ತೇವೆ. ಬೇಸಿಗೆ ರಜೆ ಶುರುವಾಯಿತೋ, ಬೀದಿಯವರೆಲ್ಲ ಸೇರಿ ಒಂದು ಟಿಟಿ ಮಾತಾಡಿ, ಪುಳಿಯೋಗರೆ ಕಟ್ಟಿಕೊಂಡು, ಶಿರಾಡಿ ಘಾಟಿ ಇಳಿದು, ಧರ್ಮಸ್ಥಳದಲ್ಲಿ ಕೈ ಮುಗಿದು, ಮಾರನೇ ದಿನ ಯಾವುದಾದರೂ ಬೀಚು. ಈ ಸಲ ಕಾಪು. ದಾರಿಯಲ್ಲಿ ಸಕಲೇಶಪುರ ದಾಟುತ್ತಿದ್ದಾಗ ಡ್ರೈವರು, "ಇಲ್ಲೇ ಎಲ್ಲೋ ಸಾರ್ ನಮ್ಮ್ ನೀರಿರೋದು" ಎಂದು ಕಿಟಕಿಯಾಚೆ ಕೈ ತೋರಿಸಿದ. ಗಾಡಿಯಲ್ಲಿದ್ದವರೆಲ್ಲ ಆ ಕಡೆ ತಿರುಗಿ ಕೈ ಮುಗಿದರು. ನಿದ್ದೆಯಿಂದ ಎದ್ದ ಒಬ್ಬಿಬ್ಬರು ಧರ್ಮಸ್ಥಳ ಬಂತೆಂದು ಚಪ್ಪಲಿ ಬಿಡಲು ಶುರು ಮಾಡಿದ್ದರು.

ಕಾಪುವಿನ ಲೈಟ್‌ಹೌಸ್ ನೀವೂ ನೋಡಿರುತ್ತೀರಿ. ಕಡಲಿನ ಪಕ್ಕದ ಬಂಡೆಯ ಮೇಲೆ ಕಪ್ಪು ಬಿಳಿ ಪಟ್ಟೆ ಹೊಡೆಸಿಕೊಂಡು ನಿಂತ 27 ಮೀಟರ್ ಗೋಪುರ. ಸಂಜೆ ಹೊತ್ತು ಟಿಕೆಟ್ ಕೊಟ್ಟು ಮೇಲಕ್ಕೆ ಬಿಡುತ್ತಾರೆ. ಒಳಗೆ ಸುತ್ತುವ ಇಕ್ಕಟ್ಟು ಮೆಟ್ಟಿಲು. ಹತ್ತುವವರಿಗೂ ಇಳಿಯುವವರಿಗೂ ಅದೊಂದೇ ದಾರಿ, ಹಾಗಾಗಿ ಗೋಡೆಗೆ ಬೆನ್ನು ಹಚ್ಚಿ ಹೊಟ್ಟೆ ಒಳಗೆಳೆದುಕೊಂಡು ಪರಸ್ಪರ ಕ್ಷಮೆ ಕೇಳುತ್ತ ಸಾಗಬೇಕು. ಮೇಲೆ ಹೋದರೆ ಗಾಳಿ ಸೆರಗು, ಟವೆಲ್ಲು ಯಾವುದನ್ನೂ ನಿಲ್ಲಗೊಡುವುದಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿ ಕಂಬಿ ಗಟ್ಟಿಯಾಗಿ ಹಿಡಿದುಕೊಂಡು ಸಮುದ್ರವನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ, "ಅಯ್ಯೋ ಶಿವ್ನೇ, ಇಷ್ಟೊಂದ್ ನೀರು! ಮೋಟ್ರು ಎಲ್ಲಿಟ್ಟವ್ರಪ್ಪಾ?" ಅಂದರು. ಉಪ್ಪುನೀರು ಅಜ್ಜಿ, ಕುಡಿಯಕ್ಕಾಗಲ್ಲ ಎಂದು ಮೊಮ್ಮಗ ಹೇಳಿದ. "ನಮ್ ಬೋರ್ ನೀರು ಕುಡಿಯಂಗೈತಾ?" ಎಂದು ಅಜ್ಜಿ ತಿರುಗಿ ಕೇಳಿದರು. ಹುಡುಗ ಫೋಟೊ ತೆಗೆಯಲು ಹೋದ.

ಆ ಗೋಪುರವನ್ನು ಕಟ್ಟಿದ್ದು 1901ರಲ್ಲಿ. ಅದಕ್ಕೆ ವಹಿಸಿದ್ದು ಒಂದೇ ಕೆಲಸ: ಕತ್ತಲಾದರೆ ಉರಿಯಬೇಕು. ಕಟ್ಟಿದರು, ಹತ್ತಿಸಿದರು, ಉರಿಯುತ್ತಿದೆ. ನಮ್ಮ ಕಾಲದಲ್ಲಾಗಿದ್ದರೆ ಬುಡಕ್ಕೊಂದು ಗುದ್ದಲಿ ಪೂಜೆ, ಅರ್ಧ ಮೆಟ್ಟಿಲಾದ ಮೇಲೆ ಮೊದಲ ಹಂತದ ಲೋಕಾರ್ಪಣೆ, ಪರಿಷ್ಕೃತ ಅಂದಾಜು ಪಟ್ಟಿ, ಅಲ್ಲಿಯವರೆಗೆ ಹಡಗಿನವರು ಸಹಕರಿಸಬೇಕೆಂದು ಪ್ರಕಟಣೆ.

ಉತ್ಪ್ರೇಕ್ಷೆ ಅನ್ನಿಸಿದರೆ ಎತ್ತಿನಹೊಳೆಯ ಜಾತಕ ತೆಗೆಯಿರಿ. ನೀರು ಎತ್ತುವುದು ಸಕಲೇಶಪುರದ ಕಾಡಿನಲ್ಲಿ. 2014ರಲ್ಲಿ ಅಡಿಗಲ್ಲು ಹಾಕಿದ್ದು ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ. ವಿಶ್ವೇಶ್ವರಯ್ಯನವರ ಊರು, ಲೋಕಸಭೆ ಚುನಾವಣೆಯ ಹೊಸ್ತಿಲು. ನೀರು ಕೊನೆಗೆ ಬರಬೇಕಾದ ಕಡೆ ಕಲ್ಲು ಮೊದಲು ಬಂತು. 8,323 ಕೋಟಿ ಎಂದು ಶುರುವಾದ ಲೆಕ್ಕ 12,912 ಕೋಟಿಯಾಗಿ, ಈಗ 23,251 ಕೋಟಿಗೆ ಬಂದು ನಿಂತಿದೆ. ನಿಂತಿದೆ ಅಂದೆನಲ್ಲ, ಅದು ನನ್ನ ಆಶಾವಾದ. ಸಿಗುವ ನೀರು 24 ಟಿಎಂಸಿ ಎಂದು ಸರ್ಕಾರ ಹೇಳಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಲೆಕ್ಕ ಹಾಕಿ 9.55 ಅಂದರು. ದುಡ್ಡು ಹತ್ತಿರ ಹತ್ತಿರ ಮೂರು ಪಟ್ಟಾಗುವ ಹೊತ್ತಿಗೆ ನೀರು ಅರ್ಧಕ್ಕಿಂತ ಕೆಳಗಿಳಿಯುವ ಈ ಏತ ನೀರಾವರಿ ಜಗತ್ತಿನಲ್ಲಿ ಬೇರೆಲ್ಲೂ ಇರಲಾರದು. 2024ರ ಗೌರಿ ಹಬ್ಬದ ದಿನ ಬಾಗಿನ ಬಿಟ್ಟು ಮೊದಲ ಹಂತ ಉದ್ಘಾಟನೆಯೂ ಆಯಿತು. ಮುಂದಿನ ಕಾಲುವೆ ಇನ್ನೂ ಆಗಿರಲಿಲ್ಲವಾದ್ದರಿಂದ ನೀರನ್ನು ವಾಣಿ ವಿಲಾಸ ಸಾಗರದ ಕಡೆ ತಿರುಗಿಸಿದರು. ಚಿತ್ರದುರ್ಗದವರ ಮೇಲೆ ನಮಗೇನೂ ಹೊಟ್ಟೆಕಿಚ್ಚಿಲ್ಲ. ಅವರೂ ಬಯಲುಸೀಮೆಯವರೇ, ಕುಡಿಯಲಿ.

ಕಾಪುವಿನಲ್ಲಿ ಚುರುಮುರಿ ಕಲಸುತ್ತಿದ್ದವರು ನಮ್ಮ ಮಾತಿನ ಧಾಟಿ ಕೇಳಿ, "ನಿಮ್ಮದು ಯಾವೂರು?" ಅಂದರು. ಕೋಲಾರ ಅಂದೆ. ಅವರ ಕೈ ಈರುಳ್ಳಿಯ ಮೇಲೆ ನಿಂತಿತು. "ಓ, ನಮ್ಮ ನೇತ್ರಾವತಿಯನ್ನು ತಿರುಗಿಸಿಕೊಂಡವರು ನೀವೇ ಅಲ್ವಾ?" ಇಲ್ಲ ಸ್ವಾಮಿ, ನಮಗಿನ್ನೂ ಒಂದು ಹನಿ ಬಂದಿಲ್ಲ ಅಂದೆ. "ಬರ್ಲಿಲ್ವಾ? ಮತ್ತೆ ಅಷ್ಟು ಕಾಡು ಕಡಿದದ್ದು ಎಂಥದಕ್ಕೆ ಮಾರಾಯ್ರೆ?" ನನ್ನ ಬಳಿ ಉತ್ತರವಿರಲಿಲ್ಲ. ಖಾರ ಸ್ವಲ್ಪ ಜಾಸ್ತಿ ಹಾಕಿ ಕೊಟ್ಟರು.

ವಾಪಸು ಬಂದ ಮೇಲೆ ಹೊಳೆಯಿತು, ನಮ್ಮ ಊರೂರಿಗೂ ಲೈಟ್‌ಹೌಸ್ ಆಗಲೇ ಇದೆ. ಓವರ್‌ಹೆಡ್ ಟ್ಯಾಂಕು! ಎತ್ತರ ಇದೆ, ಸುತ್ತುವ ಮೆಟ್ಟಿಲಿದೆ, ಮೇಲೆ ನಿಂತರೆ ಗಾಳಿ ಇದೆ. ಒಳಗೆ ನೀರಿಲ್ಲದ್ದರಿಂದ ದೀಪ ಇಡಲು ಜಾಗವೂ ಇದೆ. 'ಮನೆ ಮನೆಗೆ ಗಂಗೆ' ಎಂದು ನಮ್ಮ ಬಾಗಿಲ ಮುಂದೆ ನೆಟ್ಟ ನಲ್ಲಿಗಳ ಸಾಲನ್ನು ದಡ ಅಂದುಕೊಂಡರಾಯಿತು. ಕರೆಂಟಿನದೂ ಸಮಸ್ಯೆಯಿಲ್ಲ. ನಮಗೆ ತ್ರೀ ಫೇಸ್ ಬರುವುದೇ ರಾತ್ರಿ ಎರಡು ಗಂಟೆಗೆ. ಪಂಪ್‌ಸೆಟ್ಟಿಗೆ ಅದು ಕೆಟ್ಟ ಹೊತ್ತು, ಲೈಟ್‌ಹೌಸಿಗೆ ಪ್ರಶಸ್ತ.

ಅಲೆಯ ನೊರೆಗೆ ಏನು ಮಾಡುವುದು ಅನ್ನುವವರಿಗೆ 2018ರ ಜುಲೈ ಮರೆತಿರಬೇಕು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕೆ.ಸಿ. ವ್ಯಾಲಿ ಪೈಪಿನಲ್ಲಿ ನಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಿಟ್ಟಾಗ ಎದ್ದ ನೊರೆ ಯಾವ ಕಡಲಿಗೂ ಕಮ್ಮಿ ಇರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಆ ನೀರಿನಿಂದ ಕೆರೆ ತುಂಬಿವೆ, ಬತ್ತಿದ್ದ ಎಷ್ಟೋ ಬೋರುಗಳು ಮತ್ತೆ ಉಸಿರಾಡಿವೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂದು ಕೇಳಿದವರಿಗೆ ಮಾತ್ರ ಇನ್ನೂ ಉತ್ತರ ಬರುತ್ತಲೇ ಇದೆ.

ಇನ್ನು ಬೆಟ್ಟ ಹತ್ತುವ ದಾರಿ. ಅದರಲ್ಲಿ ನಾವು ಶ್ರೀಮಂತರು. ಶನಿವಾರ ರಾತ್ರಿಯೇ ಬೆಂಗಳೂರಿನ ಹುಡುಗರು ಹೊರಟುಬಿಡುತ್ತಾರೆ; ಸ್ಕಂದಗಿರಿ, ನಂದಿ, ನಮ್ಮ ಅಂತರಗಂಗೆ. ಭಾನುವಾರ ನಂದಿ ಬೆಟ್ಟದ ತಿರುವುಗಳಲ್ಲಿ ಸೂರ್ಯೋದಯ ನೋಡಲು ಬಂದವರು ಮುಂದಿನ ಕಾರಿನ ಕೆಂಪು ಲೈಟು ನೋಡಿಕೊಂಡು ವಾಪಸಾಗುತ್ತಾರೆ. ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ, ಈ ಒಣ ಬೆಟ್ಟಸಾಲಿನಲ್ಲೇ ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಹುಟ್ಟುವುದು. ಒಂದು ನೆಲ್ಲೂರಿನ ಕಡೆ ಸಮುದ್ರ ಸೇರುತ್ತದೆ, ಒಂದು ಕಡಲೂರಿನ ಹತ್ತಿರ, ಇನ್ನೊಂದು ಚೆನ್ನೈನ ದಕ್ಷಿಣಕ್ಕೆ. ನಕ್ಷೆಯಲ್ಲಿ ನೋಡಿದರೆ ಬಂಗಾಳ ಕೊಲ್ಲಿಗೆ ಮೂರು ಕಡೆ ಬಾಗಿಲಿರುವ ಸೀಮೆ ನಮ್ಮದು. ಹುಟ್ಟಿದ ಜಾಗದಲ್ಲಿ ಹೊಳೆಯ ಪಾತ್ರ ಹುಡುಕಲು ಹೋದರೆ ಮರಳು ತೆಗೆದ ಗುಂಡಿ, ಲೇಔಟಿನ ಕಲ್ಲು ಸಿಗುತ್ತವೆ. ಅಂತರಗಂಗೆಯ ಕಲ್ಲು ಬಸವ ಒಬ್ಬನೇ ಯಾವ ಡಿಪಿಆರ್ (ವಿಸ್ತೃತ ಯೋಜನಾ ವರದಿ) ಇಲ್ಲದೆ, ಯಾವ ಹಂತವೂ ಇಲ್ಲದೆ ಬಾಯಿಂದ ನೀರು ಬಿಡುತ್ತ ಕೂತಿದ್ದಾನೆ. ಅವನನ್ನು ಯೋಜನೆಗೆ ಸೇರಿಸದಿರಲಿ ದೇವರೇ.

ಸಾಕು. ನಗುವುದಕ್ಕೂ ಒಂದು ಮಿತಿ ಇದೆ. ಮುದ್ದೇನಹಳ್ಳಿಯಲ್ಲಿ ಕಲ್ಲು ಹಾಕಿದ ವರ್ಷ ಹುಟ್ಟಿದ ಮಕ್ಕಳು ಈಗ ಮಿಡ್ಲ್ ಸ್ಕೂಲಿನಲ್ಲಿದ್ದಾರೆ. ಅವರ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಿವೆ. ಬಾಯಿ ತೆಗೆಸಿ ನೋಡಿ, ಕಂದು ಕಲೆ. ಸಾವಿರ, ಸಾವಿರದೈನೂರು ಅಡಿ ಕೊರೆದು ತೆಗೆದ ಫ್ಲೋರೈಡ್ ನೀರು ಕುಡಿದು ಬಂದ ಕಲೆ ಅದು, ಯಾವ ಪೇಸ್ಟು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಅದೇ ನೀರಿನಲ್ಲಿ ಮಂಡಿ ಬಗ್ಗದಂತಾದ ಮುದುಕರಿದ್ದಾರೆ. ಇವರಿಗೆ ಪ್ರತಿ ಚುನಾವಣೆಗೂ ಒಂದು ದಿನಾಂಕ ಕೊಡುತ್ತೀರಲ್ಲ, ನಾಚಿಕೆ ಆಗುವುದಿಲ್ಲವೇ? ಸಮುದ್ರ ತೀರದವರ ಕಾಡು ಹೋಯಿತು, ನಮ್ಮವರ ಹಲ್ಲು ಹೋಯಿತು, ಕಾಂಟ್ರಾಕ್ಟ್ ಬಿಲ್ಲು ಮಾತ್ರ ಯಾವತ್ತೂ ಬತ್ತಲಿಲ್ಲ.

ಅಲ್ಲಿಯವರೆಗೆ ಕುಡಿಯಲು ಬಸ್ ಸ್ಟ್ಯಾಂಡ್ ಹತ್ತಿರ ಶುದ್ಧ ನೀರಿನ ಘಟಕ ಇದೆಯಲ್ಲ ಎನ್ನುತ್ತಾರೆ. ಇದೆ. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಕೊಡಬೇಕಾದದ್ದು, ಕಾಯಿನ್ ತೆಗೆದುಕೊಂಡು ಸುಮ್ಮನಾಗುತ್ತದೆ. ವಿಚಾರಿಸಿದರೆ ಫಿಲ್ಟರ್ ಕೆಟ್ಟಿದೆ, ಟೆಂಡರ್ ಕರೆಯಬೇಕು ಅಂದರು. ಯಾವಾಗ ಎಂದು ಕೇಳಿದ್ದಕ್ಕೆ ಒಂದು ದಿನಾಂಕವನ್ನೂ ಕೊಟ್ಟಿದ್ದಾರೆ.