ಚಾಂಡ್ಲರ್ ಅಭಿಮಾನಿಗಳ ಕ್ಷಮೆ ಕೋರಿ

ಪಿಸ್ತೂಲು, ವಿಸ್ಕಿ, ಮಳೆಯ ರಾತ್ರಿ, ಜೊತೆಗೊಬ್ಬ ಮಾಯಾಂಗನೆ. ಇಷ್ಟಿದ್ದರೆ ಸಾಕು, ಆ ಪತ್ತೇದಾರಿ ಕಾದಂಬರಿಗೆ ‘ಹಾರ್ಡ್‌ಬಾಯ್ಲ್ಡ್’ (ಭಾವುಕತೆಗೆ ಜಾಗ ಕೊಡದ, ಒರಟು ಅಮೆರಿಕನ್ ಪತ್ತೇದಾರಿ ಬರವಣಿಗೆ) ಎಂಬ ಹಣೆಪಟ್ಟಿ ಅಂಟಿಸಿಬಿಡುತ್ತಾರೆ. ಆ ಹೆಸರಿಗೆ ನಿಜಕ್ಕೂ ತಕ್ಕ ಲೇಖಕರ ನನ್ನ ಪಟ್ಟಿ ಬಹಳ ಚಿಕ್ಕದು. ಮೊದಲ ಹೆಸರು ಡ್ಯಾಶಿಯಲ್ ಹ್ಯಾಮೆಟ್.

ಕಾಲದ ಲೆಕ್ಕ ಹಿಡಿದರೆ ಕ್ಯಾರೊಲ್ ಜಾನ್ ಡೇಲಿಯೇ ಮುಂದು. 1923ರಲ್ಲಿ ‘ಬ್ಲ್ಯಾಕ್ ಮಾಸ್ಕ್’ ಪತ್ರಿಕೆಗೆ ಅವನ ಪತ್ತೇದಾರ ಹ್ಯಾಮೆಟ್‌ನ ಪತ್ತೇದಾರನಿಗಿಂತ ಕೆಲವು ತಿಂಗಳು ಮೊದಲೇ ಕಾಲಿಟ್ಟಿದ್ದ. ಆದರೆ ಡೇಲಿಯದು ಬರೀ ಬಡಾಯಿ. ಹ್ಯಾಮೆಟ್ ಪಿಂಕರ್ಟನ್ ಸಂಸ್ಥೆಯಲ್ಲಿ ಸಂಬಳಕ್ಕೆ ಪತ್ತೇದಾರಿಕೆ ಮಾಡಿದವನು. ಅವನ ಕಥಾನಾಯಕ ‘ಕಾಂಟಿನೆಂಟಲ್ ಆಪ್’ಗೆ (ಕಾಂಟಿನೆಂಟಲ್ ಎಂಬ ಸಂಸ್ಥೆಯ ಪತ್ತೇದಾರ) ಹೆಸರೇ ಇಲ್ಲ, ಕುಳ್ಳ, ದಪ್ಪ, ನಡುವಯಸ್ಸಿನ ನೌಕರ. ‘ರೆಡ್ ಹಾರ್ವೆಸ್ಟ್’ನಲ್ಲಿ (1929) ಗಣಿ ಊರೊಂದರ ಪುಂಡರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಹೆಣಗಳು ಉರುಳುವಂತೆ ಮಾಡುತ್ತಾನೆ. ಕೊನೆಗೆ, ಕೊಲೆಯ ರುಚಿ ತನಗೂ ಹತ್ತುತ್ತಿದೆ ಎಂಬ ಭಯ ಅವನನ್ನೇ ಹಿಡಿಯುತ್ತದೆ. ಅದನ್ನೂ ಮೇಲಧಿಕಾರಿಗೆ ವರದಿ ಒಪ್ಪಿಸುವ ದನಿಯಲ್ಲೇ ಹೇಳುತ್ತಾನೆ. ನಾನು ಹುಡುಕುವುದು ಆ ದನಿಯನ್ನು.

ಈಗ ಜಗಳಕ್ಕೆ ಬರೋಣ. ವಾಕ್ಯ ಕಟ್ಟುವುದರಲ್ಲಿ ರೇಮಂಡ್ ಚಾಂಡ್ಲರ್‌ನ ಸಮಕ್ಕೆ ಯಾರೂ ಇಲ್ಲ, ಒಪ್ಪಿದೆ. ಆದರೆ ‘ದ ಬಿಗ್ ಸ್ಲೀಪ್’ನ (1939) ಆರಂಭವನ್ನೇ ನೋಡಿ. ಸಿರಿವಂತರ ಬಂಗಲೆಯ ಬಾಗಿಲ ಮೇಲಿನ ಬಣ್ಣದ ಗಾಜಿನಲ್ಲಿ ಕವಚ ತೊಟ್ಟ ವೀರನೊಬ್ಬ ಮರಕ್ಕೆ ಕಟ್ಟಿದ ಹೆಣ್ಣನ್ನು ಬಿಡಿಸಲು ತಿಣುಕುತ್ತಿದ್ದಾನೆ. ತಾನು ಈ ಮನೆಯಲ್ಲಿದ್ದರೆ ಎಂದಾದರೂ ಮೇಲೆ ಹತ್ತಿ ಅವನಿಗೆ ನೆರವಾಗಬೇಕಾದೀತು ಎಂದುಕೊಳ್ಳುತ್ತಾನೆ ಚಾಂಡ್ಲರ್‌ನ ಪತ್ತೇದಾರ ಮಾರ್ಲೋ. ವ್ಯಂಗ್ಯವಿದೆ, ನಿಜ. ಆದರೂ ಮುಂದಿನ ಕಾದಂಬರಿಗಳುದ್ದಕ್ಕೂ ಅವನು ಆ ಕೆಲಸವನ್ನೇ ಮಾಡುತ್ತಾನೆ! ಹ್ಯಾಮೆಟ್‌ನ ಇನ್ನೊಬ್ಬ ಪತ್ತೇದಾರ ಸ್ಯಾಮ್ ಸ್ಪೇಡ್ ಆದರೋ, ತಾನು ಪ್ರೀತಿಸುತ್ತಿರಬಹುದಾದ ಹೆಣ್ಣಿನ ಎದುರಿಗೇ ಕಾರಣಗಳನ್ನು ಒಂದೊಂದಾಗಿ ಎಣಿಸಿ ಅವಳನ್ನು ಪೊಲೀಸರಿಗೆ ಒಪ್ಪಿಸುತ್ತಾನೆ. ಮಾರ್ಲೋ ಕೋಟು ತೊಟ್ಟ ರಮ್ಯ ಕವಿ. ನನಗೆ ಪ್ರಿಯ, ಆದರೆ ಪಟ್ಟಿಯ ಅಂಚಿನಲ್ಲಷ್ಟೇ ಜಾಗ.

ಇನ್ನುಳಿದ ಲೇಖಕರಲ್ಲಿ ಜೇಮ್ಸ್ ಎಂ. ಕೇನ್ ತಾನು ಯಾವ ಪಂಥಕ್ಕೂ ಸೇರಿದವನಲ್ಲ ಎಂದು ತಾನೇ ಬರೆದಿದ್ದ; ಅವನ ಮಾತನ್ನು ನಂಬೋಣ. ಮಿಕಿ ಸ್ಪಿಲೇನ್‌ನದು ಸೇಡಿನ ಜ್ವರ, ನನಗೆ ಬೇಡ. ರಾಸ್ ಮ್ಯಾಕ್‌ಡೊನಾಲ್ಡ್‌ನ ಪತ್ತೇದಾರ ಆರ್ಚರ್ ಸಂಸಾರಗಳ ಹಳೆಯ ಗಾಯ ಕೆದಕುವ ಸಹೃದಯಿ. ಅದು ಬೇರೆಯೇ ಬಗೆಯ ಬರವಣಿಗೆ.

ಹೆಚ್ಚಿನವರು ಮರೆಯುವ ಹೆಸರು ಚೆಸ್ಟರ್ ಹೈಮ್ಸ್. ಸೆರೆಮನೆಯಲ್ಲಿದ್ದಾಗಲೇ ಬರೆಯತೊಡಗಿದವನು, ಫ್ರಾನ್ಸಿಗೆ ಹೋದ ಮೇಲೆ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಪತ್ತೇದಾರಿ ಕಾದಂಬರಿಗಳನ್ನು ಬರೆದ. 1958ರಲ್ಲಿ ಫ್ರೆಂಚರು ಅವನಿಗೆ ಪತ್ತೇದಾರಿ ಸಾಹಿತ್ಯದ ದೊಡ್ಡ ಪ್ರಶಸ್ತಿಯನ್ನೇ ಕೊಟ್ಟರು. ಅವನ ಇಬ್ಬರು ಕಪ್ಪು ಪೊಲೀಸರು ಬಿಳಿಯರ ಕಾನೂನನ್ನು ತಮ್ಮವರ ಮೇಲೆಯೇ ಹೇರಬೇಕು, ಇಲಾಖೆಯಲ್ಲಿ ಅವಮಾನ ನುಂಗಬೇಕು, ಮರುದಿನ ಮತ್ತೆ ಕೆಲಸಕ್ಕೆ ಹಾಜರಾಗಬೇಕು. ಹ್ಯಾಮೆಟ್‌ನ ಪಕ್ಕದಲ್ಲಿ ನಾನು ಕೂರಿಸುವುದು ಹೈಮ್ಸ್‌ನನ್ನು. ಇದನ್ನು ಒಪ್ಪದವರು ಮೊದಲು ‘ಕಾಟನ್ ಕಮ್ಸ್ ಟು ಹಾರ್ಲೆಮ್’ ಓದಿ, ಆಮೇಲೆ ಜಗಳಕ್ಕೆ ಬನ್ನಿ.